ಹೆಸರು ಕಳೆದುಕೊಂಡು ಮರಳಿ ಪಡೆದವರು



ದಾಸರ ಪದ, ಭಾವಗೀತೆ ಕೇಳಿ ಬೆಳೆದ ನಮಗೆ ಹಾರ್ಡ್ ರಾಕ್ ಎಂದರೆ ತಲೆನೋವಿನ ಮಾತ್ರೆ ಹುಡುಕಿಸುವ ಗದ್ದಲ. ಆದರೂ ಮಕ್ಕಳ ಒತ್ತಾಯಕ್ಕೆ ಮಣಿದು, ಸ್ಯಾಮ್ ಪೀಕಾಕ್ ನಿರ್ದೇಶಿಸಿದ 'ಶಿಹಾಡ್: ಬ್ಯೂಟಿಫುಲ್ ಮಷೀನ್' (2012) ಎಂಬ ಸಾಕ್ಷ್ಯಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡಿದೆವು.

ವೆಲಿಂಗ್ಟನ್ನಿನ ಶಾಲಾ ಗೆಳೆಯರಾದ ಜಾನ್ ಟೂಗುಡ್ ಮತ್ತು ಟಾಮ್ ಲಾರ್ಕಿನ್ 1988ರಲ್ಲಿ ಕಟ್ಟಿದ ತಂಡ ಶಿಹಾಡ್. ಜಾನ್ ಹಾಡುಗಾರ, ಟಾಮ್ ಡ್ರಮ್ಸ್ ವಾದಕ. 'ಡ್ಯೂನ್' ಸಿನಿಮಾದ 'ಜಿಹಾದ್' ಎಂಬ ಪದವನ್ನು ಹುಡುಗರು ತಪ್ಪಾಗಿ ಬರೆದು ಇಟ್ಟ ಹೆಸರಂತೆ ಅದು! ಅಮೆರಿಕದಲ್ಲಿ ನೆಲೆಯೂರುವ ಆಸೆಯಲ್ಲಿದ್ದಾಗ 2001ರ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಆ ಹೆಸರು ಇನ್ನು ಅಲ್ಲಿ ನಡೆಯದೆಂದು 2002ರಲ್ಲಿ 'ಪ್ಯಾಸಿಫೈಯರ್' ಎಂದು ಬದಲಿಸಿಕೊಂಡರು. ತಮ್ಮದೇ ಹಾಡಿನ ಹೆಸರು, ನಿಜ. ಆದರೆ ಅಮೆರಿಕದವರಿಗೆ ಅದು ಅಳುವ ಮಗುವಿನ ಬಾಯಿಗಿಡುವ ರಬ್ಬರ್ ನಿಪ್ಪಲ್! ಇಲ್ಲಿನ ಅಭಿಮಾನಿಗಳು ಮುನಿದರು, ಅಮೆರಿಕವೂ ಒಲಿಯಲಿಲ್ಲ. 2004ರಲ್ಲಿ ಹಳೆಯ ಹೆಸರಿಗೇ ಮರಳಿದರು. 2010ರಲ್ಲಿ ನ್ಯೂಜಿಲೆಂಡಿನ ಸಂಗೀತ ಹಾಲ್ ಆಫ್ ಫೇಮ್ ಗೌರವ ಸಂದದ್ದೂ ಶಿಹಾಡ್ ಎಂಬ ಹೆಸರಿಗೇ.

ಈ ಪ್ರಸಂಗ ಬಂದಾಗ ನಾವು ಮುಖ ಮುಖ ನೋಡಿಕೊಂಡೆವು. ಏಕೆಂದರೆ ಅದೇ ವಾರ ನಮ್ಮ ಹಿರಿಯ ಮಗ, ತಾತನಿಂದ ಬಂದ ತನ್ನ ಹೆಸರನ್ನು ಕೆಲಸದ ಅರ್ಜಿಯಲ್ಲಿ ಕತ್ತರಿಸಿ ಇಂಗ್ಲಿಷ್ ಹೆಸರೊಂದನ್ನು ಬರೆಯಲು ಹೊರಟಿದ್ದ. ಹಿಂದಿನ ಐದಾರು ಅರ್ಜಿಗಳಿಗೆ ಉತ್ತರ ಬಂದಿರಲಿಲ್ಲ. ಹೆಸರೇ ಕಾರಣವೆಂದು ಅವನ ಗುಮಾನಿ. ಹೊಟ್ಟೆಪಾಡಿನ ಮಾತು ಬಂದಾಗ ಬುದ್ಧಿ ಹೇಳುವುದು ಸುಲಭವಲ್ಲ. ನಮ್ಮವರಲ್ಲಿ ಎಷ್ಟೋ ಶ್ರೀನಿವಾಸರು 'ಸ್ಯಾಮ್' ಆಗಿದ್ದಾರೆ, ಲಕ್ಷ್ಮೀನಾರಾಯಣರು 'ಲಕ್ಕಿ' ಆಗಿದ್ದಾರೆ. ಅವರನ್ನು ದೂರಲಾರೆವು. ಅರ್ಜಿಯಲ್ಲಿ ಏನು ಬರೆಯಬೇಕೆಂಬುದನ್ನು ಮಗನಿಗೇ ಬಿಟ್ಟಿದ್ದೇವೆ.

ಆದರೆ ಒಂದು ಮಾತು. ನಮ್ಮ ನಾಡು ಮೈಸೂರು ರಾಜ್ಯವೆಂಬ ಹೆಸರು ಬಿಟ್ಟು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅದಕ್ಕಾಗಿ ಹಿರಿಯರು ಎಷ್ಟು ವರ್ಷ ಹಟ ಹಿಡಿದರು! ಇನ್ನು ಈ ದೇಶದ ಜನ ಪರಪರಾಉಮು, ನ್ಗಾರುವಾವಾಹಿಯಾ ಎಂಬ ಮಾವೊರಿ ಊರ ಹೆಸರುಗಳನ್ನು ದಿನವೂ ಹೇಳುತ್ತಾರೆ. ಅಂಥವರ ನಾಲಿಗೆಗೆ ಲಕ್ಷ್ಮೀನಾರಾಯಣ ಭಾರವೇ? ನಾವೇ ತಾಳ್ಮೆಯಿಂದ ಎರಡು ಸಲ ಹೇಳಿಕೊಡಬೇಕು, ಅಷ್ಟೆ.

ಹೊರಗಿನ ಮಾತು ಹೊರಗಿರಲಿ. ಮುಂದಿನ ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳನ್ನು ವೇದಿಕೆಗೆ ಅವರ ಪೂರ್ತಿ ಹೆಸರು ಹಿಡಿದೇ ಕರೆಯೋಣ. ಏನಂತೀರಿ?