ಎರಡು ವಿದ್ಯೆಗಳ ನಡುವೆ

ಮಕ್ಕಳ ವಿದ್ಯಾಭ್ಯಾಸದಲ್ಲಿ ಗೃಹಸ್ಥರಿಗೆ ಒದಗುವ ಕಷ್ಟಗಳಲ್ಲಿ ಹಣದ ಕಷ್ಟವೊಂದಾದರೆ, ವಿಷಯಗಳನ್ನು ಆರಿಸುವ ಕಷ್ಟ ಮತ್ತೊಂದು. ಹಣವನ್ನು ಹೇಗಾದರೂ ಹೊಂದಿಸಬಹುದು. ಕಳೆದ ಮೂರು ವರ್ಷಗಳನ್ನು ಮರಳಿ ತರಲಾಗದು. ನಮ್ಮ ಸೂರಗೊಂಡನಕೊಪ್ಪದಂತಹ ಊರಿನಲ್ಲಿ, ಮೆಕ್ಕೆಜೋಳದ ಫಸಲನ್ನೇ ನಂಬಿ ಕಾಲೇಜಿನ ಶುಲ್ಕ ಕಟ್ಟುವ ಮನೆಗಳಿಗೆ, ಇದು ಸಣ್ಣ ಮಾತಲ್ಲ.

ನಮ್ಮ ತಮ್ಮನ ಮಗಳು ಹತ್ತನೆಯ ತರಗತಿ ಮುಗಿಸಿದಂದಿನಿಂದ ಬಯೋಇನ್ಫರ್ಮ್ಯಾಟಿಕ್ಸ್, ಎಂದರೆ ಜೈವಿಕ ಮಾಹಿತಿ ವಿಜ್ಞಾನ, ಕಲಿಯುವೆನೆನ್ನುತ್ತಿದ್ದಾಳೆ. ಅವಳ ತಂದೆ ಕೇಳುವುದು ಒಂದೇ ಮಾತು: "ಅಣ್ಣಾ, ಇದು ಜೀವಶಾಸ್ತ್ರವೋ, ಕಂಪ್ಯೂಟರಿನ ವಿದ್ಯೆಯೋ? ಯಾವುದಕ್ಕೆ ಹಣ ಕಟ್ಟಲಿ?"

ಉತ್ತರಕ್ಕೆ ನಮ್ಮ ಹೊಲದ ಮೆಕ್ಕೆಜೋಳವನ್ನೇ ನೋಡೋಣ. ಆ ಗಿಡದ ಬೆಳವಣಿಗೆಗೆ ಬೇಕಾದ ಸೂಚನೆಗಳು ಅದರ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ದಾರದ ಮೇಲೆ ನಾಲ್ಕೇ ಅಕ್ಷರಗಳಲ್ಲಿ ಅಡಗಿವೆ. 2009ರಲ್ಲಿ ಪ್ರಕಟವಾದ ಅದರ ಒಂದು ತಳಿಯ ಲಿಪಿಯಲ್ಲಿ ಸುಮಾರು 230 ಕೋಟಿ ಅಕ್ಷರಗಳೂ 32,000ಕ್ಕೂ ಹೆಚ್ಚು ಜೀನುಗಳೂ ಇವೆ. ಕ್ಷಣಕ್ಕೊಂದು ಅಕ್ಷರದಂತೆ ಹಗಲಿರುಳು ಓದಿದರೂ 70 ವರ್ಷಗಳು ಸಾಲವು. ಆದುದರಿಂದ ಕಂಪ್ಯೂಟರು ಬೇಕು. ಆದರೆ ಈ ಲಿಪಿಯ ಸುಮಾರು ಶೇಕಡಾ 85 ಭಾಗವು ಸ್ಥಳದಿಂದ ಸ್ಥಳಕ್ಕೆ ನೆಗೆಯಬಲ್ಲ ತುಣುಕುಗಳಿಂದ ಆದುದು. ಯಾವ ತುಣುಕು ಏನು ಮಾಡುವುದೆಂದು ಕೇಳಲು ಜೀವಶಾಸ್ತ್ರ ಬೇಕು. ಕಂಡ ಹೋಲಿಕೆ ನಿಜವೋ ಆಕಸ್ಮಿಕವೋ ಎಂದು ತೂಗಲು ಸಂಖ್ಯಾಶಾಸ್ತ್ರ ಬೇಕು.

ಹೀಗಿರುವಲ್ಲಿ ಮುಖ್ಯ ವಿಷಯ ಯಾವುದು, ಜೊತೆಯ ವಿಷಯ ಯಾವುದು? ನಮ್ಮ ಅಭಿಪ್ರಾಯವಿಷ್ಟೆ: ಮನೆಯಲ್ಲಿ ಕುಳಿತು ಕಲಿಯಲಾಗದುದನ್ನು ಕಾಲೇಜಿನಲ್ಲಿ ಮುಖ್ಯವಾಗಿ ಕಲಿಯಬೇಕು. ಪೈಥಾನ್, ಆರ್ ಎಂಬ ಕಂಪ್ಯೂಟರ್ ಭಾಷೆಗಳು ಬೆಲೆಯಿಲ್ಲದೆ ದೊರೆಯುತ್ತವೆ. ಜೀನುಗಳ ಲಿಪಿಗಳನ್ನು ಕೂಡಿಟ್ಟ ಜೆನ್‌ಬ್ಯಾಂಕ್ ಎಂಬ ಭಂಡಾರವೂ ಎಲ್ಲರಿಗೂ ತೆರೆದಿದೆ. ಪ್ರಯೋಗಶಾಲೆಯನ್ನಾದರೋ ಅಡಿಗೆಮನೆಯಲ್ಲಿ ಕಟ್ಟಲಾದೀತೆ? ಗಿಡವೇಕೆ ಒಣಗಿತು, ರೋಗವೇಕೆ ಬಂತು ಎಂದು ಕೇಳುವ ಮಗುವಿಗೆ ಜೀವಶಾಸ್ತ್ರವೇ ಮುಖ್ಯವಾಗಿರಲಿ. ಗಣಿತವಾಗಲಿ ಕಂಪ್ಯೂಟರ್ ವಿಜ್ಞಾನವಾಗಲಿ ಜೊತೆಗಿರಲಿ. ಲೆಕ್ಕದ ಉಪಾಯಗಳನ್ನು ಹೊಸೆಯುವುದರಲ್ಲೇ ಆನಂದಪಡುವ ಮಗುವಾದರೆ ಈ ಕ್ರಮವನ್ನು ತಿರುವಿಹಾಕಬಹುದು. ಎರಡರಲ್ಲೊಂದನ್ನು ಪೂರ್ತಿ ಕೈಬಿಡುವುದು ಮಾತ್ರ ತರವಲ್ಲ.

ನೆರೆಯ ಹಿರಿಯರು, ಆ ಹೆಸರಿನ ಪದವಿಗೇ ಸೇರಿಸಿ ಎಂದರು. ಅವರ ಮಾತು ಸದ್ಭಾವದ್ದೇ. ಆದರೆ ಈ ವಿದ್ಯೆಯನ್ನು ಪದವಿಯ ಬಳಿಕವೂ ಹಿಡಿಯಬಹುದು. ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಐಬಿಎಬಿ ಸಂಸ್ಥೆಯು ಇದನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತದೆ. ಮುಂದೆ ಸೇರಬೇಕೆಂದಿರುವ ಸಂಸ್ಥೆಯು ಯಾವ ಪದವಿಗಳನ್ನು ಒಪ್ಪುವುದೆಂಬ ಪ್ರಕಟಣೆಯನ್ನು ಪದವಿಗೆ ಸೇರುವ ಮುನ್ನವೇ ಓದಿಕೊಳ್ಳುವುದು ಜಾಣತನ. ನಮ್ಮ ರಾಜ್ಯದ ಪದವಿಯ ಏರ್ಪಾಡೂ 2021ರಲ್ಲೊಮ್ಮೆ ನಾಲ್ಕು ವರ್ಷಗಳ ಕಡೆಗೆ ಹೊರಳಿ, 2024ರಲ್ಲಿ ಮೂರು ವರ್ಷಗಳಿಗೆ ಮರಳಿತು. ಏರ್ಪಾಡುಗಳು ಬದಲಾದರೂ ಗಟ್ಟಿಯಾಗಿ ಕಲಿತ ವಿಷಯ ಕೈಬಿಡದು.

ಒಂದು ಎಚ್ಚರಿಕೆ ಉಳಿದಿದೆ. ನಿಜವಾದ ಆಯ್ಕೆ ಪದವಿ ಕಾಲೇಜಿನ ಬಾಗಿಲಲ್ಲಲ್ಲ, ಪಿಯುಸಿಯ ಬಾಗಿಲಲ್ಲಿ ನಡೆಯುತ್ತದೆ. ಅಲ್ಲಿ ಗಣಿತವನ್ನು ಬಿಟ್ಟವರಿಗೆ ಮುಂದೆ ಗಣಿತದ ಪದವಿ ಸಾಮಾನ್ಯವಾಗಿ ದೊರೆಯದು. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಕೂಡಿದ ಪಿಸಿಎಂಬಿ ಹೊರೆ ಭಾರವಾದರೂ ಎರಡು ದಾರಿಗಳನ್ನೂ ತೆರೆದಿಡುತ್ತದೆ. ಹುಡುಗಿ ಅದನ್ನೇ ಒಪ್ಪಿದಳು. ಅವಳ ತಂದೆಯೂ ಸಮ್ಮತಿಸಿದನು.

ಹದಿನಾರರ ಮಗುವಿನ ಮನಸ್ಸು ಹದಿನೆಂಟಕ್ಕೆ ಹೀಗೆಯೇ ಇರುವುದೆಂದು ಯಾರು ಬಲ್ಲರು? ಬೇಗನೆ ಬಾಗಿಲು ಮುಚ್ಚಿಸದೆ ಎರಡು ವರ್ಷ ಹೊರೆ ಹೊರಲು ನೆರವಾಗುವುದೂ ಹಿರಿಯರ ಕರ್ತವ್ಯವೇ ಸರಿ.