ವರ್ಷಕ್ಕೊಮ್ಮೆ ಹಿಡಿಯುವ ಕೋವಿ

ಕೋವಿ ಎಂದೊಡನೆ "ಅಯ್ಯೋ, ಅದು ಗಂಡಸರ ವಿಷಯ" ಎಂದು ಪುಟ ತಿರುವಿಬಿಡಬೇಡಿ. ನಮ್ಮ ಕೊಡಗಿನಲ್ಲಿ ಒರಳು ಒನಕೆಯ ಹಾಗೆ ಕೋವಿಯೂ ಮನೆಯದೇ ಒಂದು ವಸ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಮತ್ತೊಂದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಬೇಟೆಯ ಮಾತಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿಯಿತು. ಈಗ ಉಳಿದಿರುವುದು ಪೂಜೆ ಮತ್ತು ಪಂದ್ಯ.

ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು ಒರೆಸಿ, ತೋಕ್‌ಪೂ ಎಂದು ನಾವು ಕರೆಯುವ ಅಗ್ನಿಶಿಖೆಯ ಹೂ ಮುಡಿಸಿ ಪೂಜಿಸುತ್ತೇವೆ. ಆಮೇಲೆ ಊರ ಬಯಲಿನಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಹೆಂಗಸರಿಗೂ ಪಾಲುಂಟು. ಆದರೆ ನಮ್ಮಲ್ಲಿ ಹೆಚ್ಚಿನವರು ಕೋವಿ ಮುಟ್ಟುವುದೇ ವರ್ಷಕ್ಕೆ ಒಂದು ಸಲ. ಗುರಿ ತಪ್ಪಿದರೆ ಯಾಕೆ ತಪ್ಪಿತು ಎಂದು ತಿಳಿಯುವಷ್ಟರಲ್ಲಿ ತೋಟಾ ಮುಗಿದಿರುತ್ತದೆ, ಸುತ್ತಲಿದ್ದವರ ನಗು ಮಾತ್ರ ಉಳಿದಿರುತ್ತದೆ.

ನಮ್ಮ ಸೊಸೆ ಮೈಸೂರಿನಲ್ಲಿ ಬೆಳೆದವಳು. ಮದುವೆಯಾದ ವರ್ಷ ಮೂರು ಈಡು ಹೊಡೆದಳು, ಮೂರೂ ತಪ್ಪಿದವು, ಭುಜ ನೀಲಿಗಟ್ಟಿತು. "ಅತ್ತೆ, ಇನ್ಮೇಲೆ ನಾನು ಅಡಿಗೆಮನೇಲೇ ಇರ್ತೀನಿ. ಕಡಂಬುಟ್ಟು ಕಟ್ಟೋಕೆ ನಂಗೇನೂ ಬೇಜಾರಿಲ್ಲ" ಎಂದಳು. ನನಗೇಕೋ ಮನಸ್ಸು ಒಪ್ಪಲಿಲ್ಲ. ಮಗ ವರ್ಷದ ಹೆಚ್ಚು ದಿನ ಊರಲ್ಲಿರುವುದಿಲ್ಲ. ನನ್ನ ನಂತರ ಮನೆಯ ಕೋವಿಯ ಜವಾಬ್ದಾರಿ ಅವಳದೇ. ಅದನ್ನು ಕಂಡರೆ ಹೆದರುವವಳ ಕೈಗೆ ಅದನ್ನು ಒಪ್ಪಿಸುವುದು ಹೇಗೆ? ನನ್ನ ಅತ್ತೆಯವರು ನನಗೆ ಕಲಿಸಿದ್ದನ್ನೇ ಅವಳಿಗೆ ಕಲಿಸಲು ಕೂತೆ. ನಿಮಗೂ ಹೇಳುತ್ತೇನೆ ಕೇಳಿ. ಇದರಲ್ಲಿ ಮುಕ್ಕಾಲು ಪಾಲಿಗೆ ಒಂದು ತೋಟಾದ ಖರ್ಚೂ ಇಲ್ಲ.

ಮೊದಲು ಕಣ್ಣು. ಎರಡು ಕೈಗಳನ್ನೂ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಗೋಡೆಯ ಗಡಿಯಾರವನ್ನು ಆ ಕಿಂಡಿಯಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ನಿಲ್ಲುತ್ತದೋ ಅದು ನಿಮ್ಮ ಯಜಮಾನ ಕಣ್ಣು. ನಮ್ಮ ಸೊಸೆಗೆ ಎಡಗಣ್ಣು ಯಜಮಾನ, ಕೋವಿ ಇಡುವುದು ಬಲ ಭುಜಕ್ಕೆ! ಗುರಿ ಪಕ್ಕಕ್ಕೆ ಸರಿಯದೆ ಇನ್ನೇನಾಗುತ್ತೆ? ಅಂಥವರು ಎಡ ಭುಜದಿಂದ ಹೊಡೆಯುವುದನ್ನು ಕಲಿಯಬಹುದು. ಇಲ್ಲವೇ, ಅಲುಗಾಡದ ಕಾಯಿಗೆ ಹೊಡೆಯುವಾಗ ಎಡಗಣ್ಣು ಮುಚ್ಚಿದರೆ ಸಾಕು. ಕನ್ನಡಕದವರು ಎಡ ಗಾಜಿಗೆ ಚಿಕ್ಕ ಟೇಪಿನ ಚೂರು ಅಂಟಿಸಿಕೊಂಡರೂ ಆಯಿತು.

ಎರಡನೆಯದು ಭುಜ. ನಮ್ಮ ಕೊಡಗಿನ ಸೀರೆಯ ಸೆರಗು ಬಲ ಭುಜದ ಮೇಲೆಯೇ ಬಂದು ನಿಲ್ಲುತ್ತದಲ್ಲ, ಕೋವಿಯ ಹಿಂಬದಿಯ ಮರ ಕೂರಬೇಕಾದ್ದೂ ಅಲ್ಲೇ. ಪಿನ್ನು ಒತ್ತುತ್ತದೆಂದು ಮರವನ್ನು ಸಡಿಲ ಹಿಡಿದರೆ ಒದೆತ ಇನ್ನೂ ಜೋರು. ಪಿನ್ನನ್ನು ಹಿಂದಕ್ಕೆ ಸರಿಸಿಕೊಳ್ಳಿ, ಇಲ್ಲವೇ ಆ ದಿನ ಚೂಡಿದಾರ ಹಾಕಿ. ಮರವನ್ನು ಭುಜದ ಗುಳಿಗೆ ಬಿಗಿಯಾಗಿ ಎಳೆದುಕೊಂಡು, ಕೆನ್ನೆಯನ್ನು ಅದಕ್ಕೆ ಒತ್ತಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ. ಅಜ್ಜಂದಿರ ಅಳತೆಯ ಕೋವಿಗಳು ನಮಗೆ ಉದ್ದವಾಗುವುದುಂಟು. ಎತ್ತುವಾಗ ಮರ ಕಂಕುಳಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಕೋವಿ ರಿಪೇರಿಯವರಿಗೆ ತೋರಿಸಿ ಅಳತೆ ಸರಿಮಾಡಿಸಿ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಕೋವಿಯನ್ನು ಮುರಿದು, ನಳಿಗೆ ಖಾಲಿ ಎಂದು ಎರಡು ಸಲ ನೋಡಿ. ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ. ಆಚೆ ಯಾರೂ ಓಡಾಡದ ಗೋಡೆಯ ಮೇಲೆ ಒಂದು ಮೊಳೆಯನ್ನು ನೋಡಿಕೊಂಡು, ಕಣ್ಣು ಮುಚ್ಚಿ ಕೋವಿಯನ್ನು ಕೆನ್ನೆಗೆ ಎತ್ತಿ. ಈಗ ಕಣ್ಣು ಬಿಡಿ. ನಳಿಗೆಯ ತುದಿಯ ಮಣಿ ಮೊಳೆಯ ಮೇಲಿದೆಯೆ? ಇಲ್ಲವಾದರೆ ಕೈಯನ್ನಲ್ಲ, ನಿಂತ ಕಾಲನ್ನು ಸರಿಸಿ ಮತ್ತೆ ಎತ್ತಿ. ದಿನಕ್ಕೆ ಹತ್ತು ಸಲದಂತೆ ಹಬ್ಬಕ್ಕೆ ಮುಂಚಿನ ಒಂದು ತಿಂಗಳು ಮಾಡಿದರೆ, ವರ್ಷವಿಡೀ ಮರೆತ ಮೈಗೆ ಮತ್ತೆ ನೆನಪು ಬರುತ್ತದೆ. ಟ್ರಿಗರ್ ಒತ್ತಿ ಅಭ್ಯಾಸ ಮಾಡುವುದಾದರೆ ಮದ್ದಿಲ್ಲದ ಅಭ್ಯಾಸದ ತೋಟಾ ಹಾಕಿ. ಬರೀ ನಳಿಗೆಯಲ್ಲಿ ಒತ್ತುತ್ತಿದ್ದರೆ ಹಳೆಯ ಕೋವಿಯ ಒಳಗಿನ ಮೊಳೆ ಮುರಿದೀತು.

ನಾಲ್ಕನೆಯದು ಹೆದರಿಕೆ. ಗುಂಡು ಹಾರುವ ಮೊದಲೇ ಕಣ್ಣು ಪಿಳುಕಿಸಿ ನಳಿಗೆಯನ್ನು ತಗ್ಗಿಸುವ ಅಭ್ಯಾಸ ಬಹಳ ಜನರಿಗುಂಟು, ಗಂಡಸರಿಗೂ! ಅನುಮತಿಯಿರುವ ಜಾಗದಲ್ಲಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ನೋಡಿಕೊಂಡು, ತೋಟಾ ತುಂಬುವ ಕೆಲಸವನ್ನು ಬಲ್ಲವರಿಗೆ ಬಿಡಿ. ಅವರು ನಿಮಗೆ ಹೇಳದೆ ಒಮ್ಮೆ ನಿಜವಾದದ್ದನ್ನು, ಒಮ್ಮೆ ಅಭ್ಯಾಸದ್ದನ್ನು ಹಾಕಲಿ. ಗುಂಡು ಹಾರದಿದ್ದಾಗ ನಳಿಗೆ ಬಗ್ಗಿದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. ಮೆಲ್ಲಗೆ ಒತ್ತುವುದನ್ನು ಅಲ್ಲೇ ರೂಢಿಸಿಕೊಳ್ಳಿ. ಕಿವಿಗೆ ಹತ್ತಿ ಸಾಲದು. ಕಿವಿಯನ್ನು ಪೂರಾ ಮುಚ್ಚುವ ರಕ್ಷಣೆ ಹಾಕಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಕೊನೆಯದಾಗಿ, ನಿಮ್ಮ ಕೋವಿಯ ಗುಣ ತಿಳಿಯಿರಿ. ಹಳೆಯ ದಿನಪತ್ರಿಕೆಗಳನ್ನು ಮೈದಾ ಅಂಟಿನಿಂದ ಜೋಡಿಸಿ ದೊಡ್ಡ ಹಾಳೆ ಮಾಡಿ, ಪಂದ್ಯದಷ್ಟೇ ದೂರದಲ್ಲಿ ನಿಲ್ಲಿಸಿ ಹೊಡೆದು ನೋಡಿ. ಚರೆಗಳು ನಡುವೆ ಬಿದ್ದವೋ, ಮೇಲಕ್ಕೋ, ಪಕ್ಕಕ್ಕೋ ಎನ್ನುವುದು ಕಣ್ಣಿಗೇ ಕಾಣುತ್ತದೆ. 12 ಬೋರಿನ ಜೋಡಿ ನಳಿಗೆಯ ಕೋವಿಯಲ್ಲಿ ಸಾಮಾನ್ಯವಾಗಿ ಎಡ ನಳಿಗೆಯ ತುದಿ ಹೆಚ್ಚು ಬಿಗಿ. ಪೂರ್ತಿ ಬಿಗಿಯಾದ ನಳಿಗೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ಸುಮಾರು 70 ಪಾಲು ಚರೆ ಹಾಕುತ್ತದೆ, ಬಿಗಿಯೇ ಇಲ್ಲದ್ದು ಸುಮಾರು 40 ಪಾಲು. ದೂರದ ಕಾಯಿಗೆ ಯಾವುದು ಬೇಕೆಂದು ನೀವೇ ಹೇಳಿ.

ಮಾರನೆಯ ಸೆಪ್ಟೆಂಬರಿನಲ್ಲಿ ನಮ್ಮ ಸೊಸೆಗೆ ಬಹುಮಾನವೇನೂ ಬರಲಿಲ್ಲ. ಮೂರರಲ್ಲಿ ಎರಡು ಈಡು ಕಾಯಿಗೆ ತಾಗಿದವು. ಅದಕ್ಕಿಂತ ನನಗೆ ಹಿತವಾದದ್ದು, ಹೊಡೆದು ಮುಗಿದ ಕೂಡಲೇ ಯಾರೂ ಹೇಳದೆ ಅವಳು ಕೋವಿ ಮುರಿದು, ನಳಿಗೆಯನ್ನು ನೆಲದತ್ತ ಇಳಿಸಿ ನಿಂತದ್ದು. ಹೆದರಿಕೆ ಹೋಗಿ ಎಚ್ಚರ ಉಳಿದಿತ್ತು.

ನೀವೂ ಆಗಸ್ಟ್ ಬಂದ ಕೂಡಲೇ ಮೊಳೆಯೊಂದನ್ನು ಗೊತ್ತುಮಾಡಿಕೊಳ್ಳಿ. ಬೆಳಗಿನ ಕಾಫಿಗೆ ಮುಂಚೆ ಹತ್ತು ಸಲ, ಅಷ್ಟೆ. ಹಬ್ಬದ ದಿನ ಕಡಂಬುಟ್ಟು ಹಬೆಯಲ್ಲಿ ಬೇಯುವಷ್ಟರಲ್ಲಿ ಬಯಲಿಗೆ ಹೋಗಿ ಕಾಯಿಗೆ ಹೊಡೆದು ಬರಬಹುದು.