ನೇತ್ರಾಣಿಗೆ ಬಸ್ಸು, ರೈಲು, ದೋಣಿ

“ಅಜ್ಜ, ಸಮುದ್ರದ ಅಡಿಗೆ ಹೋಗ್ಲಿಕ್ಕೆ ಎಷ್ಟು ದಿನ ರಜೆ ಬೇಕು?”

ಒಂಬತ್ತನೇ ತರಗತಿಯ ಮೊಮ್ಮಗಳು ಹೀಗೆ ಕೇಳಿದಾಗ ನಾನು ಬೆಳ್ಳಾರೆಯ ಮನೆಯ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಯಲ್ಲಿ ಉಸಿರಾಡುತ್ತಾ ಈಜುವುದಕ್ಕೆ ಸ್ಕೂಬಾ ಡೈವಿಂಗ್ ಎನ್ನುತ್ತಾರೆಂದು ಅವಳೇ ವಿವರಿಸಿದಳು. ನಮ್ಮಲ್ಲಿ ಕಾರಿಲ್ಲ. ನನಗೆ ವಯಸ್ಸು 73. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಬರುವುದು ಲೆಕ್ಕ ಒಂದೇ. “ಹಾಗಾದರೆ ಲೆಕ್ಕ ಹಾಕುವ, ಕಾಗದ ತಾ” ಎಂದೆ.

ದಡದಿಂದಲೇ ಇಳಿಯಬಾರದೇ?

“ಮಂಗಳೂರಿಗೆ ಬಸ್ಸಿದೆ. ಪಣಂಬೂರಿನ ದಡದಿಂದಲೇ ನಡೆದು ಇಳಿದರೆ ಆಗುದಿಲ್ವಾ?” ಎಂಬುದು ಅವಳ ಮೊದಲ ಪ್ರಶ್ನೆ.

ಕೆಲವು ಕಡೆ ಅದು ಸಾಧ್ಯ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಹವಳದ ದಿಬ್ಬಗಳು ದಡದ ಹತ್ತಿರವೇ ಇವೆ. ಅಲ್ಲಿ ಉಬ್ಬರ ಇಳಿತದ ಸಮಯ ನೋಡಿಕೊಂಡು ಸಿಲಿಂಡರ್ ಹೊತ್ತು ಮರಳಿನಿಂದಲೇ ನೀರಿಗಿಳಿಯುತ್ತಾರೆ. ನಮ್ಮ ಕರಾವಳಿಯ ಕಥೆ ಬೇರೆ. ಮಳೆಗಾಲದಲ್ಲಿ ಬೆಳ್ಳಾರೆಯ ಗೌರಿ ಹೊಳೆ ಕೆಂಪಾಗಿ ಹರಿಯುವುದನ್ನು ಅವಳು ನೋಡಿದ್ದಾಳೆ. ಆ ನೀರು ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಮಂಗಳೂರಿನಲ್ಲಿ ಸಮುದ್ರಕ್ಕೆ. ನಮ್ಮ ತೋಟದ ಮಣ್ಣೂ ಅದರಲ್ಲಿದೆ. ಹೀಗೆ ನೂರಾರು ಹೊಳೆಗಳು ತಂದ ಹೂಳು ದಡದ ಬಳಿ ಕೂತಿರುತ್ತದೆ. ಅಲೆಗಳು ಅದನ್ನು ಕಲಕುತ್ತಲೇ ಇರುತ್ತವೆ. ಅಂಥ ನೀರಿನಲ್ಲಿ ಮುಳುಗಿದರೆ ನಮ್ಮ ಕೈಯೇ ನಮಗೆ ಕಾಣದು. ಹವಳಕ್ಕೂ ಬಿಸಿಲು ಬೇಕು, ತಿಳಿನೀರು ಬೇಕು.

ಹಾಗಾಗಿ ದಡ ಬಿಟ್ಟು ದೂರ ಹೋಗಬೇಕು. ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಸಮುದ್ರದಲ್ಲಿ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಪಾರಿವಾಳ ದ್ವೀಪ ಎಂದೂ ಕರೆಯುತ್ತಾರೆ. ಅದರ ಸುತ್ತ ಬಂಡೆಗಳೂ ಹವಳಗಳೂ ಬಗೆಬಗೆಯ ಮೀನುಗಳೂ ಇವೆ.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಪುತ್ತೂರಿನ ತನಕ ಬಸ್ಸು. ಬೆಂಗಳೂರು–ಮಂಗಳೂರು ರೈಲೊಂದನ್ನು 2023ರಲ್ಲಿ ಮುರ್ಡೇಶ್ವರದ ತನಕ ವಿಸ್ತರಿಸಿದ್ದಾರೆ. ಅದು ಕಬಕ ಪುತ್ತೂರಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಮುರ್ಡೇಶ್ವರ. ಸ್ಟೇಷನ್ನಿನಿಂದ ಊರೊಳಗೆ ಆಟೋ.

ಹೋಗುವ ದಾರಿ ಸುಲಭ. ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ವಾಪಸು ಬರುವ ದಾರಿಗೆ. ಮೊಮ್ಮಗಳಿಗೆ ಅಲ್ಲಿಂದ ನೇರವಾಗಿ ಮಡಿಕೇರಿಯ ಅತ್ತೆ ಮನೆಗೆ ಹೋಗುವ ಆಸೆ. ಅಲ್ಲೊಂದು ತೊಡಕಿತ್ತು.

ಮಕ್ಕಳೇ, ಗೋಲಿ ಸೋಡ ಗೊತ್ತಲ್ಲ? ಗೋಲಿಯನ್ನು ಒತ್ತಿದೊಡನೆ ಒಳಗಿನ ಒತ್ತಡ ಕಡಿಮೆಯಾಗಿ ಗುಳ್ಳೆಗಳು ನುಗ್ಗುತ್ತವೆ. ನೀರಿನಡಿ ಒತ್ತಡ ಹೆಚ್ಚು. ಆಗ ಉಸಿರಾಡುವ ಗಾಳಿಯಲ್ಲಿನ ಸಾರಜನಕ ನಮ್ಮ ರಕ್ತದಲ್ಲಿ ಹೆಚ್ಚು ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ, ಎತ್ತರದ ಘಾಟಿ ಏರಿದರೆ ಹೊರಗಿನ ಒತ್ತಡ ಇನ್ನೂ ಇಳಿದು, ಒಳಗೆ ಸೋಡದಂತೆ ಗುಳ್ಳೆಗಳು ಏಳಬಹುದು. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ಡೈವಿಂಗ್‌ನವರ ನಿಯಮ. ಮಡಿಕೇರಿ 1,100 ಮೀಟರಿಗಿಂತಲೂ ಎತ್ತರದಲ್ಲಿದೆ. ನಾನು ಇಡೀ ಒಂದು ದಿನ ಇಟ್ಟೆ. ಶನಿವಾರ ಡೈವ್, ರಾತ್ರಿ ಮುರ್ಡೇಶ್ವರದಲ್ಲೇ. ಭಾನುವಾರ ರೈಲು ಪುತ್ತೂರು ಮುಟ್ಟುವಾಗ ರಾತ್ರಿ. ಬೆಳ್ಳಾರೆಗೆ ಬಸ್ಸು ಸಿಗುವುದು ಅನುಮಾನ. ಅಲ್ಲೇ ತಂಗಿಯ ಮನೆಯಲ್ಲಿ ಮಲಗಿ, ಸೋಮವಾರ ಮಡಿಕೇರಿ.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಹಾಗಾಗಿ ಕ್ರಿಸ್ಮಸ್ ರಜೆಯನ್ನು ಆರಿಸಿದೆವು. ದೋಣಿಯವರಿಗೆ ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ: ಕಲಿಸುವವರಿಗೆ ಪ್ರಮಾಣಪತ್ರ ಇದೆಯೇ? ಒಬ್ಬರಿಗೆ ಎಷ್ಟು ಮಂದಿ ಕಲಿಯುವವರು? ದೋಣಿಯಲ್ಲಿ ಆಮ್ಲಜನಕ ಇದೆಯೇ? ತೃಪ್ತಿಯಾದ ಮೇಲೆಯೇ ಮುಂಗಡ ಕೊಟ್ಟದ್ದು. ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ. ಆದ್ದರಿಂದ ಮನೆಯಿಂದ ಹೊರಡುವ ಮುಂಚೆ ಇನ್ನೊಮ್ಮೆ ಫೋನ್. ಇಬ್ಬರಿಗೂ ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟೇ ದೊಡ್ಡ ಚೀಲ, ಒಂದು ಜೊತೆ ಒಣ ಬಟ್ಟೆ, ದೋಣಿಯಲ್ಲಿ ತಲೆ ತಿರುಗಿದರೆ ಜಗಿಯಲು ಶುಂಠಿ.

ಒಂದು ಫಾರ್ಮು

ಶನಿವಾರ ಬೆಳಿಗ್ಗೆ ಎರಡೆರಡು ಇಡ್ಲಿ ತಿಂದು ಹೊರಟೆವು. 123 ಅಡಿಯ ಶಿವನ ಮೂರ್ತಿಯ ಮೇಲೆ ಆಗಷ್ಟೇ ಬಿಸಿಲು ಬಿದ್ದಿತ್ತು. ಡೈವಿಂಗ್‌ನವರು ಆರೋಗ್ಯದ ಫಾರ್ಮು ಕೊಟ್ಟರು. ನನಗೆ ಬಿ.ಪಿ. ಮಾತ್ರೆ ಇದೆ, ದೋಣಿಯಲ್ಲೇ ಕೂರುವುದೆಂದು ಊರಿನಲ್ಲೇ ತೀರ್ಮಾನಿಸಿದ್ದೆ. ಮೊಮ್ಮಗಳು ಸರಸರನೆ ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕುತ್ತಾ ಬಂದು ಒಂದು ಕಡೆ ನಿಂತಳು. ಶೀತ ಇದೆಯೇ, ಮೂಗು ಕಟ್ಟಿದೆಯೇ ಎಂಬ ಪ್ರಶ್ನೆ.

ರಾತ್ರಿಯಿಂದ ಅವಳು ಸೀನುತ್ತಿದ್ದಳು. ನಾನೂ ಕೇಳಿದ್ದೆ, ಕೇಳದವನಂತೆ ಮಲಗಿದ್ದೆ. ಇಷ್ಟು ಲೆಕ್ಕ ಹಾಕಿ ಬಂದದ್ದು ವ್ಯರ್ಥವಾಗುತ್ತದಲ್ಲ ಎಂಬ ಸಂಕಟ ನನಗೂ ಇತ್ತು.

“ಸ್ವಲ್ಪವೇ ಅಜ್ಜ. ‘ಇಲ್ಲ’ ಅಂತ ಬರೀಲಾ?”

ಬ್ಯಾಂಕಿನ ಕೌಂಟರಿನಲ್ಲಿ ಓದದೆ ಸಹಿ ಹಾಕಿ ಆಮೇಲೆ ಅತ್ತವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪೆನ್ನು ಕಸಿದುಕೊಳ್ಳಲಿಲ್ಲ. “ಸಂಪಾಜೆ ಘಾಟಿ ಹತ್ತುವಾಗ ಬಸ್ಸಿನಲ್ಲಿ ಕಿವಿ ಮುಚ್ಚಿದ ಹಾಗೆ ಆಗ್ತದಲ್ಲ? ಅಷ್ಟೂ ಘಾಟಿಯಲ್ಲಿ ಒತ್ತಡ ಎಷ್ಟು ಬದಲಾಗ್ತದೋ, ನೀರಿನಲ್ಲಿ ಸುಮಾರು ಒಂದು ಮೀಟರ್ ಇಳಿದರೆ ಅಷ್ಟೇ ಬದಲಾಗ್ತದೆ. ಹತ್ತು ಮೀಟರ್ ಇಳಿದರೆ ಒತ್ತಡ ಎರಡರಷ್ಟು. ಮೂಗು ಹಿಡಿದು ಊದಿ ಕಿವಿಗೆ ಗಾಳಿ ಕಳಿಸ್ತಾ ಇಳಿಯಬೇಕು. ಮೂಗಿನ ಹಿಂದಿನ ದಾರಿ ಶೀತದಿಂದ ಕಟ್ಟಿದ್ದರೆ ಗಾಳಿ ಹೋಗುದಿಲ್ಲ, ಕಿವಿಯ ತಮಟೆ ಹರಿಯಬಹುದು. ಫಾರ್ಮು ನಿನ್ನದು ಮಗಾ. ನೀನೇ ಬರಿ.”

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಹೌದು’ ಎಂದು ಗುರುತು ಹಾಕಿ, ಮುಖ ಆ ಕಡೆ ತಿರುಗಿಸಿದಳು.

ಕಲಿಸುವವರು ಫಾರ್ಮು ನೋಡಿ, “ಇವತ್ತು ಮುಳುಗುವುದು ಬೇಡ ಪುಟ್ಟಿ. ಲೈಫ್ ಜಾಕೆಟ್ ಹಾಕಿ ಮೇಲಿಂದಲೇ ನೋಡು. ಮೇಲೆ ತೇಲಿದರೆ ಕಿವಿಗೆ ಒತ್ತಡ ಬೀಳುವುದಿಲ್ಲ” ಎಂದರು.

ಮೇಲಿನಿಂದ ಕಂಡದ್ದು

ದೋಣಿ ಮುಂದೆ ಹೋದಂತೆ ಕಂದು ನೀರು ಹಸಿರಾಯಿತು, ಹಸಿರು ನೀಲಿಯಾಯಿತು. ನಮ್ಮ ಹೊಳೆಗಳ ಮಣ್ಣು ಎಲ್ಲಿಗೆ ಮುಗಿಯುತ್ತದೆಂದು ಕಣ್ಣಾರೆ ಕಂಡೆವು. ಉಳಿದವರು ಸಿಲಿಂಡರ್ ಕಟ್ಟಿ ಒಬ್ಬೊಬ್ಬರಾಗಿ ಇಳಿಯುವಾಗ ಅವಳ ಕಣ್ಣು ತುಂಬಿತ್ತು. ನಾನು ಸಮಾಧಾನ ಹೇಳಲು ಹೋಗಲಿಲ್ಲ.

ಆಮೇಲೆ ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಕಟ್ಟಿಕೊಂಡು ಮೆಲ್ಲನೆ ನೀರಿಗಿಳಿದಳು. ಐದು ನಿಮಿಷದಲ್ಲಿ ತಲೆ ಎತ್ತಿ ಕೂಗಿದಳು: “ಅಜ್ಜಾ, ಗಿಳಿಮೀನು! ಬಂಡೆಯನ್ನು ಕೆರೀತಾ ಉಂಟು!”

ಗಿಳಿಯ ಕೊಕ್ಕಿನಂಥ ಹಲ್ಲುಗಳಿಂದ ಈ ಮೀನು ಬಂಡೆ ಮತ್ತು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಜೊತೆಗೆ ಹೊಟ್ಟೆಗೆ ಹೋದ ಹವಳದ ಚೂರು ನುಣ್ಣನೆಯ ಮರಳಾಗಿ ಹೊರಬರುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಇದರ ಪಾಲೂ ಇದೆ.

ರೈಲಿನಲ್ಲಿ ವಾಪಸು ಬರುವಾಗ ಅವಳು ನನ್ನ ಲೆಕ್ಕದ ಕಾಗದ ಕೇಳಿ ತೆಗೆದುಕೊಂಡಳು. ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ‘ಹೊರಡುವ ಒಂದು ವಾರ ಮೊದಲು ಐಸ್‌ಕ್ರೀಮ್ ಇಲ್ಲ, ಮಳೆಗೆ ನೆನೆಯುವುದಿಲ್ಲ.’ ಐಸ್‌ಕ್ರೀಮಿಗೂ ಶೀತಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಮುಂದಿನ ರಜೆಗೆ ಮತ್ತೆ ಎರಡು ಟಿಕೆಟ್ ಮಾಡಬೇಕು.